ಎಪ್ಪತ್ತೈದು ಮೀಟರ್ ದೂರದ ಮನೆ



ಯಾವ ನ್ಯೂಸ್ ಚಾನೆಲ್ ಬೇಕಾದ್ರೂ ನೋಡಿ, ಹವಾಮಾನದ ಸುದ್ದಿ ಬರೋದು ಬುಲೆಟಿನ್ನಿನ ಕೊನೆಗೆ. ರಾಜಕೀಯ ಮುಗೀಬೇಕು, ಕ್ರೈಂ ಮುಗೀಬೇಕು, ಕ್ರಿಕೆಟ್ಟು, ಸಿನಿಮಾ ಎಲ್ಲ ಮುಗೀಬೇಕು. ಇನ್ನೇನು ಕೈ ಮುಗಿದು ಎದ್ದೇಳಬೇಕು ಅನ್ನೋವಾಗ ಅರ್ಧ ನಿಮಿಷ ಉಳಿದಿರುತ್ತೆ. ಆ ಅರ್ಧ ನಿಮಿಷಕ್ಕೆ ಹವಾಮಾನ. ನಾನೂ ಎಷ್ಟೋ ವರ್ಷ ಅದನ್ನು ಹಾಗೇ ಓದಿದ್ದೇನೆ. ಸುಳ್ಳು ಯಾಕೆ ಹೇಳಲಿ, ಓದುವಾಗ ನನ್ನ ಮನಸ್ಸು ಆಗಲೇ ಕ್ಯಾಂಟೀನಿನ ಕಾಫಿ ಹತ್ರ ಹೋಗಿರ್ತಿತ್ತು.

ಪ್ರತಿವರ್ಷ ಡಿಸೆಂಬರ್, ಜನವರಿ ಬಂತು ಅಂದ್ರೆ ಅಮೆರಿಕದಿಂದ ಒಂದಷ್ಟು ದೃಶ್ಯ ಬರುತ್ತೆ. ಬಿಸಿನೀರನ್ನು ಗಾಳಿಗೆ ಎರಚಿದ್ರೆ ಮಂಜಾಗಿ ಹಾರಿಹೋಗುತ್ತೆ. ಒಗೆದು ಹಾಕಿದ ಪ್ಯಾಂಟು ಹಲಗೆ ಥರ ಸೆಟೆದು ನಿಂತಿರುತ್ತೆ. ನಾವು ಅದನ್ನು ತಮಾಷೆಯಾಗಿ ತೋರಿಸ್ತೀವಿ, ನೀವು ತಮಾಷೆಯಾಗಿ ನೋಡ್ತೀರಿ. ಆದ್ರೆ ಮೈಸೂರಲ್ಲೋ ದಾವಣಗೆರೆಯಲ್ಲೋ ಕೂತು ಅದೇ ದೃಶ್ಯ ನೋಡುವ ಕೆಲವು ಅಪ್ಪ ಅಮ್ಮಂದಿರಿಗೆ ಅದು ತಮಾಷೆ ಅಲ್ಲ. ಮಗ ಶಿಕಾಗೋದಲ್ಲಿ ಇದ್ದಾನೆ, ಸೊಸೆ ಮಿನಿಯಾಪೊಲಿಸ್‌ನಲ್ಲಿ ಕೆಲಸಕ್ಕೆ ಹೋಗ್ತಾಳೆ, ಮೊಮ್ಮಗಳು ಅಲ್ಲಿ ಸ್ಕೂಲಿಗೆ ಹೋಗ್ತಾಳೆ. ಅವರು ವಿಡಿಯೋ ಕಾಲ್ ಮಾಡಿ ಮೊದಲು ಕೇಳೋದೇ, "ಏನಮ್ಮಾ, ಇವತ್ತೂ ಸ್ಕೂಲು ಇದೆಯಾ? ಸ್ವೆಟರ್ ಹಾಕಿದ್ದೀಯಾ?" ಅಂತ.

ಆ ಅಜ್ಜಿಯ ಪ್ರಶ್ನೆ ಇದೆಯಲ್ಲ, ಅದರ ಹಿಂದೆ 130 ವರ್ಷಕ್ಕೂ ಹಳೆಯದಾದ ಒಂದು ಚರಿತ್ರೆ ಇದೆ. ಅಜ್ಜಿಗೆ ಅದು ಗೊತ್ತಿರಲಿಕ್ಕಿಲ್ಲ. ಇವತ್ತು ನಾನು ಹೇಳೋದು ಅದನ್ನೇ. ಇದು ಒಂದು ಹವಾಮಾನ ಮುನ್ಸೂಚನೆಯ ಕಥೆ. ಆ ಮುನ್ಸೂಚನೆ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದ್ರೂ ನೂರಾರು ಜನ ಸತ್ತರು. ಅದರಲ್ಲಿ ತುಂಬಾ ಜನ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು.

1888ನೇ ಇಸವಿ, ಜನವರಿ 12, ಗುರುವಾರ.

ಜಾಗ ಯಾವುದು ಅಂದ್ರೆ ಅಮೆರಿಕದ ಮಧ್ಯಭಾಗದ ದೊಡ್ಡ ಬಯಲು. ನೆಬ್ರಾಸ್ಕಾ, ಮಿನ್ನೆಸೋಟಾ, ಡಕೋಟಾ. ಆಗ ಡಕೋಟಾ ಇನ್ನೂ ರಾಜ್ಯ ಆಗಿರಲಿಲ್ಲ, ಅದು ಬರೀ ಟೆರಿಟರಿ. ಉತ್ತರ, ದಕ್ಷಿಣ ಅಂತ ಎರಡು ರಾಜ್ಯ ಆಗಿದ್ದು ಮರುವರ್ಷ, 1889ರಲ್ಲಿ. ನಮ್ಮ ವಿಜಯಪುರದ ಕಡೆ ಹೋದ್ರೆ ಕಣ್ಣು ಹಾಯಿಸಿದಷ್ಟೂ ಹೊಲ ಕಾಣುತ್ತಲ್ಲ, ಅಂಥ ಬಯಲನ್ನು ನೂರು ಪಟ್ಟು ಹಿಗ್ಗಿಸಿ ನೋಡಿ. ಬೆಟ್ಟ ಇಲ್ಲ. ಮರ ಬಹಳ ಕಮ್ಮಿ. ಉತ್ತರ ಧ್ರುವದ ಕಡೆಯಿಂದ ಗಾಳಿ ಹೊರಟರೆ ಕೆನಡಾ ದಾಟಿ ಇಲ್ಲಿಗೆ ಬರೋವರೆಗೆ ಅದನ್ನು ಅಡ್ಡಹಾಕೋದಕ್ಕೆ ಅಂತ ಏನೂ ಇಲ್ಲ.

ಅಂಥ ಜಾಗಕ್ಕೆ ಜನ ಯಾಕೆ ಹೋದ್ರು? ಭೂಮಿಗಾಗಿ. 1862ರಲ್ಲಿ ಅಮೆರಿಕ ಸರ್ಕಾರ ಹೋಮ್‌ಸ್ಟೆಡ್ ಕಾಯ್ದೆ ತಂತು. ಬನ್ನಿ, 160 ಎಕರೆ ತಗೊಳ್ಳಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿ, ಭೂಮಿ ನಿಮ್ಮದೇ. ನಾರ್ವೆಯಿಂದ ಬಂದ್ರು, ಜರ್ಮನಿಯಿಂದ ಬಂದ್ರು, ಉಕ್ರೇನಿನ ಕಡೆಯಿಂದ ಬಂದ್ರು. ತಮ್ಮೂರಲ್ಲಿ ಒಂದು ಎಕರೆಗೂ ಗತಿ ಇಲ್ಲದೆ ಇದ್ದವರು. ಈ ಭೂಮಿ ಅದಕ್ಕೂ ಮೊದಲು ಯಾರದಾಗಿತ್ತು, ಅಲ್ಲಿನ ಮೂಲನಿವಾಸಿಗಳನ್ನು ಹೇಗೆ ಎಬ್ಬಿಸಿದ್ರು ಅನ್ನೋದು ಬೇರೆಯದೇ ದೊಡ್ಡ ಕಥೆ, ಅದನ್ನು ಇನ್ನೊಂದು ದಿನ ಹೇಳ್ತೀನಿ.

ಮನೆ ಕಟ್ಟೋಕೆ ಮರ ಇಲ್ಲ. ಅದಕ್ಕೇ ಹುಲ್ಲುಬೇರಿನ ಸಮೇತ ಮಣ್ಣನ್ನು ಇಟ್ಟಿಗೆ ಥರ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ ಮನೆ ಕಟ್ಟಿಕೊಂಡ್ರು. ಒಲೆಗೆ ಸೌದೆ ಇಲ್ಲ. ಒಣಹುಲ್ಲನ್ನೇ ಹುರಿ ಮಾಡಿ, ಜೋಳದ ದಿಂಡು ಸೇರಿಸಿ ಉರಿಸಬೇಕು. ಅಲ್ಲೊಂದು ಇಲ್ಲೊಂದು ಮನೆ. ನಡುವೆ ಎಲ್ಲೋ ಒಂದು ಕೋಣೆಯ ಶಾಲೆ. ಪಾಠ ಮಾಡುವ ಟೀಚರಮ್ಮನಿಗೇ ಹದಿನೆಂಟೋ ಹತ್ತೊಂಬತ್ತೋ ವಯಸ್ಸು.

ಆ ಗುರುವಾರ ಬೆಳಗ್ಗೆ ಏನಾಯ್ತು ಗೊತ್ತಾ? ಚಳಿ ಕಮ್ಮಿ ಆಯ್ತು! ಹಿಂದಿನ ಕೆಲವು ದಿನ ಕಡುಚಳಿ. ಮಕ್ಕಳನ್ನು ಹೊರಗೆ ಬಿಡೋ ಹಾಗಿರಲಿಲ್ಲ, ದನಗಳನ್ನು ಕೊಟ್ಟಿಗೆಯಿಂದ ಬಿಚ್ಚೋ ಹಾಗಿರಲಿಲ್ಲ. ಅವತ್ತು ದಕ್ಷಿಣದಿಂದ ಮೆತ್ತನೆಯ ಗಾಳಿ ಬೀಸಿತು. ಸೂರಿನ ಹಿಮ ಕರಗಿ ತೊಟ್ಟಿಕ್ಕೋಕೆ ಶುರು ಆಯ್ತು. ಮನೆಯೊಳಗೆ ಕೂತು ಕೂತು ಸಾಕಾಗಿತ್ತಲ್ಲ, ಎಲ್ಲರೂ ಹೊರಗೆ ಬಂದ್ರು. ಗಂಡಸರು ದನಗಳನ್ನು ನೀರಿಗೆ ಹೊಡಕೊಂಡು ಹೋದ್ರು, ಹುಲ್ಲು ತರೋಕೆ ಹೋದ್ರು. ಎಷ್ಟೋ ಮಕ್ಕಳು ದಪ್ಪ ಕೋಟು ಬಿಟ್ಟು ಸಾದಾ ಬಟ್ಟೆಯಲ್ಲೇ ಶಾಲೆಗೆ ಓಡಿದ್ರು. ಮಕ್ಕಳು ಅಲ್ವಾ, ಬಿಸಿಲು ಕಂಡ್ರೆ ಕೋಟು ಯಾಕೆ ಹಾಕ್ತಾರೆ?

ಆ ಹೊತ್ತಿಗೆ ಮೊಂಟಾನಾದಲ್ಲಿ ಆಗಲೇ ಶುರು ಆಗಿಬಿಟ್ಟಿತ್ತು. ಆರ್ಕ್ಟಿಕ್ ಕಡೆಯಿಂದ ಇಳಿದು ಬಂದ ಭಾರವಾದ ತಣ್ಣನೆಯ ಗಾಳಿ, ಮೆಕ್ಸಿಕೋ ಕೊಲ್ಲಿಯಿಂದ ಮೇಲೇರಿ ಬಂದ ಬೆಚ್ಚನೆಯ ತೇವದ ಗಾಳಿಗೆ ಡಿಕ್ಕಿ ಹೊಡೆದಿತ್ತು. ಮೊಂಟಾನಾದ ಹೆಲೆನಾ ಪಟ್ಟಣದಲ್ಲಿ ನಾಲ್ಕೂವರೆ ಗಂಟೆಯಲ್ಲಿ ಉಷ್ಣಾಂಶ ಸುಮಾರು 50 ಡಿಗ್ರಿ ಫ್ಯಾರನ್‌ಹೀಟ್ ಕುಸೀತು. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 28 ಡಿಗ್ರಿ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ನೀವು ಹೊರಗೆ ನಿಂತಿದ್ದೀರಿ ಅಂದ್ಕೊಳ್ಳಿ, ಸಂಜೆ ಆಗೋಷ್ಟರಲ್ಲಿ ಫ್ರಿಜ್ಜಿನ ಒಳಗಿದ್ದೀರಿ. ಆದ್ರೆ ಅವರು ಶುರು ಮಾಡಿದ್ದು ಏಪ್ರಿಲ್‌ನಿಂದಲ್ಲ, ಜನವರಿಯಿಂದ. ಮುಗಿದಿದ್ದು ಫ್ರಿಜ್ಜಿನಲ್ಲಲ್ಲ, ಸೊನ್ನೆಗಿಂತ ಬಹಳ ಕೆಳಗೆ.

ಬೆಳಗಿನ ಜಾವ ಮೊಂಟಾನಾ. ಹತ್ತು ಹನ್ನೊಂದು ಗಂಟೆಯಿಂದ ಮಧ್ಯಾಹ್ನದವರೆಗೆ ಡಕೋಟಾ. ಮೂರು ಗಂಟೆಗೆ ನೆಬ್ರಾಸ್ಕಾದ ಲಿಂಕನ್. ಈ ಗಂಟೆಗಳನ್ನು ಸ್ವಲ್ಪ ಗಮನಿಸಿ. ಮೂರು ಗಂಟೆ ಅಂದ್ರೆ ಶಾಲೆ ಬಿಡೋ ಹೊತ್ತು. ಮಧ್ಯರಾತ್ರಿ ಬಂದಿದ್ರೆ ಎಲ್ಲರೂ ಮನೆಯಲ್ಲಿ ಇರ್ತಿದ್ರು. ಬೆಳಗ್ಗೆ ಆರಕ್ಕೆ ಬಂದಿದ್ರೆ ಯಾರೂ ಹೊರಗೆ ಕಾಲೇ ಇಡ್ತಿರಲಿಲ್ಲ. ಬಂದಿದ್ದು ಮಕ್ಕಳು ಶಾಲೆಯಲ್ಲಿ ಇರುವಾಗ, ಅಪ್ಪಂದಿರು ಹೊಲದಲ್ಲಿ ಇರುವಾಗ.

ಬದುಕಿ ಉಳಿದವರು ಹೇಳಿದ್ದು ಹೆಚ್ಚುಕಮ್ಮಿ ಒಂದೇ ಥರ ಇದೆ. ವಾಯವ್ಯ ದಿಕ್ಕಿನಲ್ಲಿ ಒಂದು ಗೋಡೆ ಎದ್ದ ಹಾಗೆ ಕಾಣಿಸ್ತು. ಅದೇನು ಅಂತ ಅರ್ಥ ಆಗೋ ಮೊದಲೇ ಮೈಮೇಲೆ ಬಂತು. ಆ ಹಿಮ ಹತ್ತಿಯ ಹಾಗೆ ಮೆಲ್ಲಗೆ ಉದುರುವ ಹಿಮ ಅಲ್ಲ. ಗಿರಣಿಯ ಹಿಟ್ಟಿನಷ್ಟು ನುಣುಪು. ಮೂಗಿಗೆ ನುಗ್ಗುತ್ತೆ, ಬಾಯಿಗೆ ನುಗ್ಗುತ್ತೆ, ರೆಪ್ಪೆಯ ಮೇಲೆ ಗಟ್ಟಿಯಾಗಿ ಕಣ್ಣನ್ನೇ ಮುಚ್ಚಿಬಿಡುತ್ತೆ. ಚಾಚಿದ ಕೈ ಕಾಣಿಸೋದಿಲ್ಲ. ಆ ರಾತ್ರಿ ಬಯಲಿನ ಬಹಳಷ್ಟು ಕಡೆ ಮೈನಸ್ 29 ಸೆಲ್ಸಿಯಸ್‌ಗೂ ಕೆಳಗೆ ಇಳೀತು. ಅಂಥ ಚಳಿಯಲ್ಲಿ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದ್ರೆ ಮೈಗೆ ಅದು ಮೈನಸ್ 48ರ ಹಾಗೆ ತಟ್ಟುತ್ತೆ. ಬರಿಯ ಚರ್ಮ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತೆ.

ಈಗ ಮೂವರು ಹೆಣ್ಣುಮಕ್ಕಳ ಕಥೆ ಕೇಳಿ. ಮೂವರೂ ಟೀಚರ್‌ಗಳು, ಮೂವರೂ ನೆಬ್ರಾಸ್ಕಾದವರು.

ಮೊದಲನೆಯವಳು ಮಿನ್ನಿ ಫ್ರೀಮನ್. ಮೀರಾ ವ್ಯಾಲಿ ಅನ್ನೋ ಊರಿನ ಮಣ್ಣುಗೋಡೆಯ ಶಾಲೆ. ಗಾಳಿ ಶಾಲೆಯ ಮಾಡನ್ನೇ ಕಿತ್ತುಹಾಕ್ತು. ಇನ್ನು ಒಳಗೆ ಕೂರೋ ಹಾಗಿಲ್ಲ. ಮಕ್ಕಳನ್ನು ಕರಕೊಂಡು ಹತ್ತಿರದ ರೈತನ ಮನೆಗೆ ಹೊರಟಳು. ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆದರು ಅಂತ ಕಥೆ ಹಬ್ಬಿತು. ಹಗ್ಗ ನಿಜವಾ ಅಲ್ವಾ ಅಂತ ಇವತ್ತಿಗೂ ಚರ್ಚೆ ಇದೆ. ಆದ್ರೆ ಮಕ್ಕಳು ಬದುಕಿದ್ದು ನಿಜ. ಅವಳ ಮೇಲೆ ಹಾಡು ಬಂತು, ದೇಶಾದ್ಯಂತ ಪತ್ರಿಕೆಗಳಲ್ಲಿ ಹೆಸರು ಬಂತು.

ಎರಡನೆಯವಳು ಲೋಯಿಸ್ ರಾಯ್ಸ್. ಪ್ಲೇನ್‌ವ್ಯೂ ಹತ್ತಿರದ ಶಾಲೆ. ಅವಳ ಜೊತೆ ಉಳಿದಿದ್ದು ಮೂರೇ ಮಕ್ಕಳು. ಒಂಬತ್ತು ವರ್ಷದ ಇಬ್ಬರು ಹುಡುಗರು, ಆರು ವರ್ಷದ ಒಬ್ಬ ಹುಡುಗಿ. ಮೂರು ಗಂಟೆಗೆ ಒಲೆಗೆ ಹಾಕೋದಕ್ಕೆ ಏನೂ ಉಳಿದಿರಲಿಲ್ಲ. ಅವಳು ಬಾಡಿಗೆಗೆ ಇದ್ದ ಮನೆ ಎಷ್ಟು ದೂರ ಗೊತ್ತಾ? 82 ಗಜ. ಅಂದ್ರೆ 75 ಮೀಟರ್. ಒಂದು ಕ್ರಿಕೆಟ್ ಪಿಚ್ಚು 20 ಮೀಟರ್ ಇರುತ್ತೆ. ನಾಲ್ಕು ಪಿಚ್ಚು ಉದ್ದಕ್ಕೆ ಇಟ್ಟರೆ ಅದಕ್ಕಿಂತ ಜಾಸ್ತಿ ಆಗುತ್ತೆ, ಅಷ್ಟು ಹತ್ತಿರ. ಒಳಗೆ ಕೂತು ಚಳಿಗೆ ಸಾಯೋದಕ್ಕಿಂತ ಅಷ್ಟು ದೂರ ಹೋಗಿಬಿಡೋಣ ಅಂತ ಮಕ್ಕಳ ಕೈ ಹಿಡಿದು ಹೊರಟಳು. ನಾನಾಗಿದ್ರೂ ಹೊರಡ್ತಿದ್ದೆ, ನೀವಾಗಿದ್ರೂ ಹೊರಡ್ತಿದ್ರಿ.

ಆ ಮನೆ ಅವರಿಗೆ ಸಿಗಲೇ ಇಲ್ಲ. ದಾರಿ ತಪ್ಪಿದ್ರು. ರಾತ್ರಿ ಬಯಲಿನಲ್ಲಿ ಮಕ್ಕಳನ್ನು ತಬ್ಬಿಕೊಂಡು ಮಲಗಿದಳು. ಮೂವರೂ ಮಕ್ಕಳು ಅವಳ ಪಕ್ಕದಲ್ಲೇ ತೀರಿಕೊಂಡ್ರು. ಅವಳು ಬದುಕಿದಳು. ಎರಡೂ ಪಾದ ಕತ್ತರಿಸಬೇಕಾಯ್ತು.

ಮೂರನೆಯವಳು ಎಟ್ಟಾ ಶಾಟಕ್. ಹೋಲ್ಟ್ ಕೌಂಟಿಯವಳು, ವಯಸ್ಸು 19. ಮನೆಗೆ ಹೋಗ್ತಾ ದಾರಿ ತಪ್ಪಿ ಒಂದು ಹುಲ್ಲಿನ ಬಣವೆ ಸಿಕ್ಕಿತು. ಅದರೊಳಗೆ ತೂರಿಕೊಂಡಳು. ಒಂದು ರಾತ್ರಿ ಅಲ್ಲ, ಎರಡು ರಾತ್ರಿ ಅಲ್ಲ, 78 ಗಂಟೆ ಅಲ್ಲೇ. ಭಾನುವಾರ ಒಬ್ಬ ರೈತ ಹುಲ್ಲಿಗೆ ಬಂದಾಗ ಅವಳು ಸಿಕ್ಕಳು, ಜೀವ ಇತ್ತು. ಕಾಲು ತೆಗೆದರು. ಫೆಬ್ರವರಿ 6ರಂದು ತೀರಿಕೊಂಡಳು.

ಶುಕ್ರವಾರ ಬೆಳಗ್ಗೆ ಗಾಳಿ ನಿಂತ ಮೇಲೆ ಊರವರು ಹುಡುಕೋಕೆ ಹೊರಟಾಗ ಕಂಡಿದ್ದನ್ನು ಜಾಸ್ತಿ ವಿವರಿಸೋದಿಲ್ಲ. ಒಂದು ಮಾತು ಮಾತ್ರ ಹೇಳ್ತೀನಿ. ಕೆಲವರು ರಾತ್ರಿಯಿಡೀ ಬದುಕಿದ್ದರು. ಬೆಳಕು ಹರಿದ ಮೇಲೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಕುಸಿದು ಸತ್ತರು. ಹೆಪ್ಪುಗಟ್ಟಿದ ಮೈಯನ್ನು ಎಬ್ಬಿಸಿದ್ದೇ ಹೃದಯಕ್ಕೆ ತಡೆಯಲಾರದ ಪೆಟ್ಟಾಯ್ತು. ಸತ್ತವರು 235 ಅನ್ನೋ ಲೆಕ್ಕ ಚಾಲ್ತಿಯಲ್ಲಿದೆ. ಅದಕ್ಕಿಂತ ಹೆಚ್ಚು ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಇವತ್ತಿಗೂ ಇದನ್ನು ಮಕ್ಕಳ ಹಿಮಗಾಳಿ, ಶಾಲೆಮನೆಯ ಹಿಮಗಾಳಿ ಅಂತಲೇ ಕರೀತಾರೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇದು ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ವಾ?

ಗೊತ್ತಿತ್ತು. ಅರ್ಧ ಗೊತ್ತಿತ್ತು.

ಅಮೆರಿಕದಲ್ಲಿ ಆಗ ಹವಾಮಾನ ನೋಡ್ತಿದ್ದದ್ದು ಸೈನ್ಯ! 1870ರಲ್ಲಿ ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದ ಮೇಲೆ ಸೈನ್ಯದ ಸಿಗ್ನಲ್ ಕೋರ್‌ಗೆ ಈ ಕೆಲಸ ಬಂತು. ಯಾಕೆ ಸೈನ್ಯ? ಶಿಸ್ತು ಇರುತ್ತೆ, ಹೇಳಿದ ಹೊತ್ತಿಗೆ ಕೆಲಸ ಮಾಡ್ತಾರೆ ಅಂತ. ದೇಶದ ಉದ್ದಗಲಕ್ಕೂ ಇದ್ದ ಠಾಣೆಗಳಲ್ಲಿ ಒಂದೇ ಹೊತ್ತಿಗೆ ವಾಯುಭಾರ, ಉಷ್ಣಾಂಶ, ಗಾಳಿ ಅಳೆದು ಟೆಲಿಗ್ರಾಫ್ ಮಾಡೋದು. ಅದನ್ನೆಲ್ಲ ನಕ್ಷೆಯ ಮೇಲೆ ಗುರುತು ಹಾಕಿ, ನಾಳೆ ಏನಾಗಬಹುದು ಅಂತ ಹೇಳೋದು. ಬಯಲು ಸೀಮೆಗೆ ಅಂತ 1887ರಲ್ಲಿ ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಒಂದು ಕಚೇರಿ ತೆರೆದ್ರು. ಅಲ್ಲಿ ಕೂತಿದ್ದವನು ಲೆಫ್ಟಿನೆಂಟ್ ಥಾಮಸ್ ವುಡ್ರಫ್.

ಜನವರಿ 11ರ ರಾತ್ರಿ ವುಡ್ರಫ್ ಮುಂದೆ ನಕ್ಷೆ ಇತ್ತು. ವಾಯವ್ಯದಲ್ಲಿ ವಾಯುಭಾರ ಕುಸಿತ ಕಾಣ್ತಿತ್ತು, ಅದರ ಹಿಂದೆ ಕಡುಚಳಿ ಕಾಣ್ತಿತ್ತು. ಮಧ್ಯರಾತ್ರಿ ದಾಟುವ ಹೊತ್ತಿಗೆ ಅವನು ಕಳಿಸಿದ ಮುನ್ಸೂಚನೆಯ ಸಾರಾಂಶ ಇಷ್ಟು: ಮೊದಲು ಬೆಚ್ಚಗಿರುತ್ತೆ, ಹಿಮ ಬೀಳುತ್ತೆ, ಗಾಳಿಗೆ ಹಿಮ ರಾಶಿ ರಾಶಿಯಾಗಿ ಸರಿಯುತ್ತೆ, ಮಧ್ಯಾಹ್ನದಿಂದ ರಾತ್ರಿಯವರೆಗೆ ಗಾಳಿ ಉತ್ತರಕ್ಕೆ ತಿರುಗಿ ಚಳಿ ಏರುತ್ತೆ.

ಒಂದೊಂದಾಗಿ ನೋಡಿದ್ರೆ ಇದರಲ್ಲಿ ಯಾವುದು ತಪ್ಪು? ಹಿಮ ಬಂತು, ಗಾಳಿ ತಿರುಗಿತು, ಚಳಿ ಏರಿತು. ಎಲ್ಲ ಆಯ್ತು. ಆದ್ರೆ ಆ ಸಾಲುಗಳನ್ನು ಓದಿ ಯಾವ ತಾಯಿಯಾದ್ರೂ ಮಗುವನ್ನು ಶಾಲೆಗೆ ಕಳಿಸದೆ ಇರ್ತಿದ್ದಳಾ? ಕ್ಷಣದಲ್ಲಿ ಬಂದು ಎರಗುತ್ತೆ, ಎದುರಿನ ಮನೆ ಕಾಣೋದಿಲ್ಲ, ಹೊರಗಿದ್ದವರು ಸಾಯ್ತಾರೆ ಅನ್ನೋ ಮಾತು ಅದರಲ್ಲಿ ಎಲ್ಲಿದೆ?

ಅದನ್ನು ವುಡ್ರಫ್‌ನ ತಪ್ಪು ಅಂತ ಸುಲಭವಾಗಿ ಹೇಳಿಬಿಡಬಹುದು. ನಾನು ಹಾಗೆ ಹೇಳೋದಿಲ್ಲ. ಆ ಕಾಲದಲ್ಲಿ ಉಪಗ್ರಹ ಇಲ್ಲ, ರಡಾರ್ ಇಲ್ಲ, ಬಲೂನಿನಿಂದ ಮೇಲಿನ ಗಾಳಿ ಅಳೆಯೋದೂ ಇಲ್ಲ. ಹಾಗಿದ್ರೂ ಅವನ ನಕ್ಷೆ ದಾರಿ ತೋರಿಸಿತ್ತು. ಕೊರತೆ ಇದ್ದದ್ದು ಇನ್ನೊಂದು ಕಡೆ. ಈ ಮುನ್ಸೂಚನೆ ಯಾರಿಗೋಸ್ಕರ ಬರೀತಿದ್ರು? ಮುಖ್ಯವಾಗಿ ರೈಲ್ವೆ ಕಂಪನಿಗಳಿಗೆ, ವ್ಯಾಪಾರಿಗಳಿಗೆ, ಸರಕು ಮತ್ತು ದನ ಸಾಗಿಸುವವರಿಗೆ. ಹಳಿಯ ಮೇಲೆ ಹಿಮ ಸೇರುತ್ತಾ, ಸರಕು ಹೆಪ್ಪುಗಟ್ಟುತ್ತಾ ಅನ್ನೋದು ಅವರ ಚಿಂತೆ. ಅವರಿಗೆ ಆ ಸಾಲುಗಳು ಸಾಕಾಗಿದ್ದವು.

ಇನ್ನು ಎಚ್ಚರಿಕೆ ತಲುಪೋದು ಹೇಗೆ? ಚಳಿ ಬರ್ತಿದೆ ಅಂದ್ರೆ ಪಟ್ಟಣದಲ್ಲಿ ಒಂದು ಬಾವುಟ ಹಾರಿಸ್ತಿದ್ರು. ಬಿಳಿ ಬಟ್ಟೆ, ನಡುವೆ ಕಪ್ಪು ಚೌಕ. ಅದೇ ಅವತ್ತಿನ ರೆಡ್ ಅಲರ್ಟ್. ಟೆಲಿಗ್ರಾಫ್ ಇರೋ ಕಡೆ, ರೈಲು ನಿಲ್ಲೋ ಕಡೆ ಬಾವುಟ. ಹತ್ತು ಮೈಲಿ ಆಚೆ ಮಣ್ಣಿನ ಮನೆಯಲ್ಲಿ ಇರುವ ರೈತನಿಗೆ ಅದು ಕಾಣುತ್ತಾ? ಅವನಿಗೆ ಪತ್ರಿಕೆ ಬರೋದು ಎಷ್ಟೋ ದಿನ ಆದ ಮೇಲೆ. ಬಂದ್ರೂ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಓದೋರು ಇಲ್ಲ.

ನಮ್ಮ ವೃತ್ತಿಯವರ ಪಾತ್ರವನ್ನೂ ಹೇಳಬೇಕು. ಪತ್ರಿಕೆಗಳು ಬಂದ್ವು, ಹಿಮಗಾಳಿ ಮುಗಿದ ಮೇಲೆ. ಈ ಟೀಚರಮ್ಮಂದಿರನ್ನು ವೀರವನಿತೆಯರು ಅಂತ ಮುಖಪುಟದಲ್ಲಿ ಹಾಕಿದ್ವು. ಓಮಾಹಾದ ಒಂದು ಪತ್ರಿಕೆ ಅವರಿಗಾಗಿ ನಿಧಿ ಕೂಡ ಸಂಗ್ರಹಿಸಿತು. ಒಳ್ಳೆಯ ಕೆಲಸವೇ. ಆದ್ರೆ ಲೋಯಿಸ್ ರಾಯ್ಸ್‌ಗೆ ಬೇಕಾಗಿದ್ದದ್ದು ಆಮೇಲಿನ ನಿಧಿ ಅಲ್ಲ, ಬೆಳಗ್ಗೆ ಒಂದು ಮಾತು. "ಇವತ್ತು ಮಕ್ಕಳನ್ನು ಕಳಿಸಬೇಡಿ" ಅನ್ನೋ ಒಂದೇ ಒಂದು ಮಾತು.

ಎರಡೇ ತಿಂಗಳಲ್ಲಿ ಪ್ರಕೃತಿ ಇನ್ನೊಂದು ಪಾಠ ಹೇಳ್ತು. ಈ ಸಲ ಬಡ ರೈತರಿಗಲ್ಲ, ನ್ಯೂಯಾರ್ಕ್‌ಗೆ. 1888ರ ಮಾರ್ಚ್ 11ರಿಂದ 14. ಸಾಧಾರಣ ಮಳೆ ಅಂದ್ಕೊಂಡಿದ್ದರು, ಬಂದಿದ್ದು ಭೀಕರ ಹಿಮಗಾಳಿ. ಪೂರ್ವ ಕರಾವಳಿಯಲ್ಲಿ 400ಕ್ಕೂ ಹೆಚ್ಚು ಜನ ಸತ್ತರು, ಅರ್ಧದಷ್ಟು ನ್ಯೂಯಾರ್ಕ್ ನಗರವೊಂದರಲ್ಲೇ. ಮಾಜಿ ಸೆನೆಟರ್ ರಾಸ್ಕೋ ಕಾಂಕ್ಲಿಂಗ್ ವಾಲ್ ಸ್ಟ್ರೀಟಿನ ಕಚೇರಿಯಿಂದ ನಡೆದೇ ಹೊರಟು ದಾರಿಯಲ್ಲಿ ಕುಸಿದರು, ಮುಂದಿನ ತಿಂಗಳು ತೀರಿಕೊಂಡರು. ಈಗ ಎಲ್ಲರೂ ಎದ್ದು ಕೂತರು! ಕಂಬದ ಮೇಲಿನ ತಂತಿಗಳು ನೆಲದಡಿಗೆ ಹೋಗಬೇಕು ಅನ್ನೋ ಒತ್ತಾಯ ಬಲವಾಯ್ತು. ನೆಲದಡಿಯ ರೈಲಿನ ಬೇಡಿಕೆಗೆ ಜೀವ ಬಂತು. ಬೋಸ್ಟನ್‌ನಲ್ಲಿ 1897ರಲ್ಲಿ, ನ್ಯೂಯಾರ್ಕ್‌ನಲ್ಲಿ 1904ರಲ್ಲಿ ಸಬ್‌ವೇ ಓಡಿತು. 1890ರಲ್ಲಿ ಹೊಸ ಕಾಯ್ದೆ ಆಯ್ತು, ಹವಾಮಾನದ ಕೆಲಸ ಸೈನ್ಯದಿಂದ ಕೃಷಿ ಇಲಾಖೆಗೆ ಬಂತು. 1891ರ ಜುಲೈ 1ರಿಂದ ಅದು ವೆದರ್ ಬ್ಯೂರೋ.

ಅದೇ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಏನಾಗ್ತಿತ್ತು? ಇಲ್ಲೂ ಸಾವೇ ಪಾಠ ಕಲಿಸಿತು. 1864ರಲ್ಲಿ ಕಲ್ಕತ್ತಾಗೆ ಚಂಡಮಾರುತ ಬಡೀತು, 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಇದೆಲ್ಲ ಆದ ಮೇಲೆ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಮರುವರ್ಷವೇ ಶುರುವಾದ 1876-78ರ ಬರಗಾಲದಲ್ಲಿ ನಮ್ಮ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳಕೊಂಡಿತು. ಇಲಾಖೆಯ ಹೆನ್ರಿ ಬ್ಲಾನ್‌ಫರ್ಡ್ ಮುಂಗಾರನ್ನು ಮೊದಲೇ ಹೇಳೋಕೆ ಏನು ದಾರಿ ಅಂತ ಹುಡುಕಿದರು. ಅವರ ಕಣ್ಣು ಹೋಗಿದ್ದು ಎಲ್ಲಿಗೆ? ಹಿಮದ ಕಡೆಗೆ! ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ಮಳೆ ಕಮ್ಮಿ ಆಗುತ್ತೆ ಅನ್ನೋ ಲೆಕ್ಕ ಹಿಡಿದು, 1886ರ ಜೂನ್‌ನಲ್ಲಿ ಮೊದಲ ಕ್ರಮಬದ್ಧ ಮುಂಗಾರು ಮುನ್ಸೂಚನೆ ಕೊಟ್ಟರು. ಡಕೋಟಾದ ಮಕ್ಕಳು ಹಿಮದಲ್ಲಿ ಸಾಯೋದಕ್ಕೆ ಎರಡು ವರ್ಷ ಮೊದಲು, ನಮ್ಮ ರೈತನ ಮಳೆಯ ಲೆಕ್ಕವೂ ಹಿಮದಿಂದಲೇ ಶುರು ಆಗಿತ್ತು.

ಮತ್ತೆ ಅಮೆರಿಕಕ್ಕೆ ಹೋಗೋಣ. 1888ರಿಂದ ಪಾಠ ಕಲಿತರಾ? ಅರ್ಧ ಕಲಿತರು.

1940ರ ನವೆಂಬರ್ 11. ಮೊದಲ ಮಹಾಯುದ್ಧ ಮುಗಿದ ನೆನಪಿನ ರಜಾದಿನ. ಮಿನ್ನೆಸೋಟಾದಲ್ಲಿ ಮತ್ತೆ ಅದೇ ಥರ ಬೆಚ್ಚನೆಯ ಬೆಳಗು. ರಜೆ ಅಲ್ವಾ, ಸಾವಿರಾರು ಜನ ಮಿಸಿಸಿಪ್ಪಿ ನದಿಯ ನಡುಗಡ್ಡೆಗಳಿಗೆ ಬಾತುಕೋಳಿ ಬೇಟೆಗೆ ಹೋದ್ರು. ತೆಳ್ಳನೆಯ ಅಂಗಿ, ಸಣ್ಣ ದೋಣಿ. ಅವತ್ತು ಬಾತುಕೋಳಿಗಳು ಹಿಂಡು ಹಿಂಡಾಗಿ, ತಲೆ ತಾಗೋ ಹಾಗೆ ಕೆಳಗೆ ಹಾರಿ ಬಂದ್ವು. ಬೇಟೆಗಾರರಿಗೆ ಖುಷಿಯೋ ಖುಷಿ. ಆ ಹಕ್ಕಿಗಳು ಯಾವುದರಿಂದ ತಪ್ಪಿಸಿಕೊಂಡು ಓಡ್ತಿವೆ ಅಂತ ಅವರಿಗೆ ಹೊಳೆಯಲಿಲ್ಲ. ಮಧ್ಯಾಹ್ನ ಹಿಮಗಾಳಿ ಬಂತು. ಎದ್ದ ಅಲೆಗೆ ದೋಣಿ ಹಾಕೋ ಹಾಗಿಲ್ಲ, ಒದ್ದೆ ಬಟ್ಟೆಯಲ್ಲೇ ರಾತ್ರಿ ಕಳೀಬೇಕು. ಮಿನ್ನೆಸೋಟಾ ಒಂದರಲ್ಲೇ 49 ಜನ ಸತ್ತರು, ಅವರಲ್ಲಿ ಅರ್ಧದಷ್ಟು ಬೇಟೆಗಾರರು. ಮಿಚಿಗನ್ ಸರೋವರದಲ್ಲಿ ಮೂರು ದೊಡ್ಡ ಹಡಗುಗಳು ಹಾಳಾದ್ವು. ಎಲ್ಲ ಸೇರಿ ಸತ್ತವರು ಸುಮಾರು 150. ವಿನೋನಾ ಊರಿನ ಪೈಲಟ್ ಮ್ಯಾಕ್ಸ್ ಕಾನ್ರಾಡ್ ಪುಟ್ಟ ವಿಮಾನದಲ್ಲಿ ಹಾರಿ, ಬದುಕಿದವರನ್ನು ಹುಡುಕಿ, ಆಹಾರ, ಬೆಂಕಿಪೊಟ್ಟಣ ಎಸೆದು ಹಲವರ ಜೀವ ಉಳಿಸಿದ.

ಮಿನ್ನೆಸೋಟಾಗೆ ಆಗ ಮುನ್ಸೂಚನೆ ಬರ್ತಿದ್ದದ್ದು ದೂರದ ಶಿಕಾಗೋ ಕಚೇರಿಯಿಂದ. ಆ ಕಚೇರಿಯಲ್ಲಿ ರಾತ್ರಿಪಾಳಿಯೇ ಇರಲಿಲ್ಲ! ಬಿರುಗಾಳಿ ರಾತ್ರಿ ಬಲಿಯಿತು, ನೋಡೋರು ಯಾರೂ ಇರಲಿಲ್ಲ. ಇಷ್ಟು ಜನ ಸತ್ತ ಮೇಲೆ 24 ಗಂಟೆ ಪಾಳಿ ಬಂತು, ಮಿನ್ನೆಸೋಟಾದಲ್ಲೇ ಮುನ್ಸೂಚನೆ ಕೊಡೋ ವ್ಯವಸ್ಥೆ ಬಂತು.

ಆಮೇಲೆ ರಡಾರ್ ಬಂತು, ಉಪಗ್ರಹ ಬಂತು, ಸೂಪರ್ ಕಂಪ್ಯೂಟರ್ ಬಂತು. ಯಾವುದನ್ನು ಬ್ಲಿಜರ್ಡ್ ಅಂತ ಕರೀಬೇಕು ಅನ್ನೋದಕ್ಕೂ ಈಗ ಅಳತೆ ಇದೆ. ಗಾಳಿ ಗಂಟೆಗೆ 56 ಕಿಲೋಮೀಟರ್ ಮೀರಬೇಕು, 400 ಮೀಟರ್ ಆಚೆ ಏನೂ ಕಾಣಬಾರದು, ಇದು ಕನಿಷ್ಠ ಮೂರು ಗಂಟೆ ನಡೀಬೇಕು. ಹಿಮ ಎಷ್ಟು ಬಿತ್ತು ಅನ್ನೋದು ಲೆಕ್ಕಕ್ಕೇ ಇಲ್ಲ, ಗಮನಿಸಿ. ಕಣ್ಣು ಕಾಣೋದಿಲ್ಲ ಅನ್ನೋದೇ ಮುಖ್ಯ. 75 ಮೀಟರ್ ದೂರದ ಮನೆ ಕಲಿಸಿದ ಪಾಠವೂ ಇದೇ ಅಲ್ವಾ? 2024ರ ಅಕ್ಟೋಬರ್‌ನಿಂದ ಅಲ್ಲಿನ ಹವಾಮಾನ ಸೇವೆ "ವಿಂಡ್ ಚಿಲ್ ವಾರ್ನಿಂಗ್" ಅನ್ನೋ ಹೆಸರು ಬಿಟ್ಟು "ಎಕ್ಸ್‌ಟ್ರೀಮ್ ಕೋಲ್ಡ್ ವಾರ್ನಿಂಗ್" ಅನ್ನೋಕೆ ಶುರು ಮಾಡಿದೆ. ಗಾಳಿ ಇರಲಿ ಬಿಡಲಿ, ಇದು ಕೊಲ್ಲುವ ಚಳಿ ಅಂತ ಜನಕ್ಕೆ ನೇರವಾಗಿ ಅರ್ಥ ಆಗಲಿ ಅಂತ.

ಹಾಗಾದ್ರೆ ಈಗ ಎಲ್ಲ ಸರಿಹೋಯ್ತಾ?

2022ರ ಡಿಸೆಂಬರ್. ನ್ಯೂಯಾರ್ಕ್ ರಾಜ್ಯದ ಬಫಲೋ ನಗರ, ಈರಿ ಸರೋವರದ ದಂಡೆ. ಈ ಸಲ ಮುನ್ಸೂಚನೆ ಅರ್ಧ ಅಲ್ಲ, ಪೂರ್ತಿ ಸರಿ ಇತ್ತು. ದಿನಗಳ ಮೊದಲೇ ಹೇಳಿದ್ರು. ಒಂದು ತಲೆಮಾರಿಗೆ ಒಮ್ಮೆ ಬರೋವಂಥದ್ದು ಅಂತ ಒತ್ತಿ ಹೇಳಿದ್ರು. ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು, ಎಲ್ಲರಿಗೂ ಸುದ್ದಿ ತಲುಪಿತ್ತು. ಆದ್ರೂ 40ಕ್ಕೂ ಹೆಚ್ಚು ಜನ ಸತ್ತರು. ವಾಹನ ಹೊರಗೆ ತೆಗೀಬಾರದು ಅನ್ನೋ ಆದೇಶ ಜಾರಿ ಆಗಿದ್ದು ಡಿಸೆಂಬರ್ 23ರ ಬೆಳಗ್ಗೆ 9.30ಕ್ಕೆ. ಅಷ್ಟೊತ್ತಿಗೆ ಜನ ಕೆಲಸಕ್ಕೆ ಹೋಗಿ ಆಗಿತ್ತು. ಯಾರು ಹೋಗಿದ್ರು? ಮನೆಯಿಂದ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡೋರು ಅಲ್ಲ. ಹೋಗದೆ ಇದ್ರೆ ದಿನದ ಸಂಬಳ ಕಟ್ ಆಗೋವರು. ವಿಮಾನ ನಿಲ್ದಾಣದಲ್ಲಿ 37 ಗಂಟೆ ಎಡೆಬಿಡದೆ ಹಿಮಗಾಳಿ. ಕೆಲವರು ಕಾರಿನಲ್ಲೇ ಸತ್ತರು, ಕೆಲವರು ಬೀದಿಯಲ್ಲಿ, ಕೆಲವರು ಆಂಬುಲೆನ್ಸ್ ಬರಲಾಗದೆ ಮನೆಯಲ್ಲೇ.

1888ರಲ್ಲಿ ಮಾತು ತಲುಪಲಿಲ್ಲ. 1940ರಲ್ಲಿ ಮಾತಾಡಬೇಕಾದವರು ಕಚೇರಿಯಲ್ಲಿ ಇರಲಿಲ್ಲ. 2022ರಲ್ಲಿ ಮಾತೂ ಸರಿ ಇತ್ತು, ಮುಟ್ಟಿಯೂ ಇತ್ತು, ಆದ್ರೆ "ಇವತ್ತು ಬರಬೇಡ, ಸಂಬಳ ಕೊಡ್ತೀನಿ" ಅಂತ ಹೇಳೋರು ಸಾಕಷ್ಟು ಇರಲಿಲ್ಲ. ಬಿಗಿಯಾದ ಆದೇಶ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಮುನ್ಸೂಚನೆ ಅನ್ನೋದು ಬರೀ ಆಕಾಶ ನೋಡೋರ ಕೆಲಸ ಅಲ್ಲ ವೀಕ್ಷಕರೇ. ಅದನ್ನು ಕೇಳಿ ಶಾಲೆಗೆ ರಜೆ ಕೊಡೋ ಅಧಿಕಾರಿ ಬೇಕು, ಅಂಗಡಿ ಬಾಗಿಲು ಹಾಕೋ ಮಾಲೀಕ ಬೇಕು, ಬಸ್ಸು ನಿಲ್ಲಿಸೋ ಧೈರ್ಯ ಇರೋರು ಬೇಕು.

ನಮ್ಮಂಥವರ ಪಾಲೂ ಇದೆ. ಒಮ್ಮೆ ಮಲೆನಾಡಿನ ಕಡೆಯ ಒಬ್ಬ ಹಿರಿಯರು ನನಗೆ ಫೋನ್ ಮಾಡಿದ್ರು. "ಸ್ವಾಮೀ, ನೀವು ಎರಡು ದಿನ ಗಂಟಲು ಹರಿಯೋ ಹಾಗೆ ಕೂಗಿದ್ರಿ. ಏನೂ ಆಗಲಿಲ್ಲ. ಮೂರನೇ ದಿನ ನಾನು ಟಿವಿ ಆಫ್ ಮಾಡಿ ತೋಟಕ್ಕೆ ಹೋದೆ. ಅವತ್ತೇ ಗುಡ್ಡ ಜಾರಿತು" ಅಂದ್ರು. ಪುಣ್ಯಕ್ಕೆ ಅವರು ಬದುಕಿದ್ರು, ಕೊಟ್ಟಿಗೆ ಹೋಯ್ತು. ಬೈಯ್ಯಲಿಲ್ಲ, ಬೈದಿದ್ರೆ ಚೆನ್ನಾಗಿತ್ತು. ಯಾಕಂದ್ರೆ ಹವಾಮಾನ ಇಲಾಖೆ ಆ ಮೊದಲ ಎರಡು ದಿನ ಕೊಟ್ಟಿದ್ದು ಯೆಲ್ಲೋ ಅಲರ್ಟ್, ಅಂದ್ರೆ ಗಮನ ಇಟ್ಟಿರಿ ಅಂತ ಮಾತ್ರ. ರೆಡ್ ಮಾಡಿದ್ದು ಸ್ಕ್ರೀನ್ ಮೇಲೆ ನಾವು. ವುಡ್ರಫ್ ಭಯಂಕರವಾದದ್ದನ್ನು ತಣ್ಣಗೆ ಹೇಳಿದ, ನಾನು ಸಾಧಾರಣವಾದದ್ದನ್ನು ಭಯಂಕರವಾಗಿ ಹೇಳಿದೆ. ಕೇಳುವವನಿಗೆ ಎರಡರಿಂದಲೂ ಆಗೋ ಅನ್ಯಾಯ ಒಂದೇ. ಆ ಫೋನ್ ಬಂದ ಮೇಲೆ ಆ ಅರ್ಧ ನಿಮಿಷವನ್ನು ನಾನು ಕಾಫಿ ನೆನೆಸಿಕೊಂಡು ಓದಿಲ್ಲ. ಬೀದರ್‌ಗೆ ಶೀತಗಾಳಿ ಎಚ್ಚರಿಕೆ ಬಂದ್ರೆ, ಯಾವ ಜಿಲ್ಲೆ, ಯಾವ ಹೊತ್ತು, ಯಾರು ಏನು ಮಾಡಬೇಕು, ಇಷ್ಟನ್ನು ನಿಧಾನವಾಗಿ ಹೇಳ್ತೀನಿ.

ಬಫಲೋದ ಇನ್ನೊಂದು ಸಂಗತಿ ಹೇಳಿ ಮುಗಿಸ್ತೀನಿ. ಆ ಹಿಮಗಾಳಿಯಲ್ಲಿ ಒಬ್ಬ ಮೆಕ್ಯಾನಿಕ್ ತನ್ನ ಗಾಡಿ ಸಿಕ್ಕಿಹಾಕಿಕೊಂಡು ಬೀದಿಯಲ್ಲಿ ಉಳಿದುಬಿಟ್ಟ. ಮನೆಮನೆ ಬಾಗಿಲು ತಟ್ಟಿದ, ಯಾರೂ ಒಳಗೆ ಸೇರಿಸಲಿಲ್ಲ. ಕೊನೆಗೆ ಹತ್ತಿರದಲ್ಲಿ ಒಂದು ಶಾಲೆ ಕಾಣಿಸ್ತು. ಕಿಟಕಿ ಒಡೆದು ಒಳಗೆ ಹೋದ. ಮತ್ತೆ ಹೊರಗೆ ಬಂದು, ಕಾರುಗಳಲ್ಲಿ ಸಿಕ್ಕಿಕೊಂಡಿದ್ದ ಅಪರಿಚಿತರನ್ನು, ವಯಸ್ಸಾದವರನ್ನು ಹುಡುಕಿ ಹುಡುಕಿ ಕರಕೊಂಡು ಬಂದ. 20ಕ್ಕೂ ಹೆಚ್ಚು ಜನ ಆ ಶಾಲೆಯಲ್ಲಿ ಬದುಕಿದ್ರು. ಹೊರಡುವಾಗ ಒಂದು ಚೀಟಿ ಬರೆದಿಟ್ಟ, ಕಿಟಕಿ ಒಡೆದಿದ್ದಕ್ಕೆ ಕ್ಷಮಿಸಿ ಅಂತ.

1888ರಲ್ಲಿ ಒಲೆಗೆ ನಾಲ್ಕು ಹಿಡಿ ಹುಲ್ಲು ಇಲ್ಲದೆ ಮಕ್ಕಳು ಶಾಲೆ ಬಿಟ್ಟು ಹೊರಟು ಸತ್ತರು. 134 ವರ್ಷದ ನಂತರ ಅದೇ ಥರದ ಹಿಮದಲ್ಲಿ ಜನ ಶಾಲೆಯ ಕಿಟಕಿ ಒಡೆದು ಒಳಗೆ ಹೋಗಿ ಬದುಕಿದ್ರು. ನಡುವೆ ವಿಜ್ಞಾನ ಎಷ್ಟೋ ದೂರ ಬಂದಿದೆ. ಆದ್ರೆ ಕೊನೆಯ 75 ಮೀಟರ್ ಇದೆಯಲ್ಲ, ಅದನ್ನು ದಾಟಿಸೋಕೆ ಇವತ್ತಿಗೂ ಒಬ್ಬ ಮನುಷ್ಯನೇ ಕೈ ಹಿಡೀಬೇಕು.

ಇವತ್ತು ರಾತ್ರಿ ನಿಮ್ಮ ಮಗಳಿಗೋ ಮೊಮ್ಮಗನಿಗೋ ಫೋನ್ ಮಾಡಿದಾಗ, "ಸ್ಕೂಲು ಇದೆಯಾ, ಸ್ವೆಟರ್ ಹಾಕಿದ್ದೀಯಾ" ಅಂತ ಕೇಳ್ತೀರಲ್ಲ, ಕೇಳಿ. ಅವರು ನಗ್ತಾರೆ, ನಗಲಿ ಬಿಡಿ. ಕೇಳೋದನ್ನು ಮಾತ್ರ ನಿಲ್ಲಿಸಬೇಡಿ.